ಒಂದು ಕಿವಿಯ ಮೊಲ

ಪುತ್ತೂರು ಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ, ಹೊಲಿಗೆ ಕ್ಲಾಸಿನ ಪಕ್ಕದ ಕೋಣೆಯಲ್ಲಿ ಸಂಪ್ರೀತನ ಟ್ಯಾಟೂ ಅಂಗಡಿ. ಆ ಭಾನುವಾರ ಬೆಳಿಗ್ಗೆ ಅವನ ಮೊದಲ ಗಿರಾಕಿ ಲತೀಶ. ಪೆರಾಬೆಯವನು. ಕಡಬದಲ್ಲಿ ಸುಟ್ಟುಹೋದ ಪಂಪ್ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾನೆ. ಕೈಯಲ್ಲಿ ಅಲ್ಲಲ್ಲಿ ಸುಟ್ಟ ಕಲೆಗಳಿದ್ದವು. ಆದರೂ ಸಂಪ್ರೀತ ಸೂಜಿ ಜೋಡಿಸುವುದನ್ನು ನೋಡಿ ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ನೋವಾಗ್ತದಾ?"

"ಕರೆಂಟಿನ ಒಟ್ಟಿಗೆ ಕೆಲಸ ಮಾಡುವವರು ನೀವು. ಇದೆಂತ ದೊಡ್ಡದು?"

"ಕರೆಂಟು ಹೀಗೆ ಎದುರು ಕೂತು ಹೊಡೆಯುದಿಲ್ಲ ಮಾರಾಯ್ರೆ."

ಸಂಪ್ರೀತ ನಕ್ಕು, ಲತೀಶನ ಮೊಬೈಲಿನಲ್ಲಿದ್ದ ಚಿತ್ರವನ್ನು ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದ. ಹಿಂಗಾಲಲ್ಲಿ ಕೂತ ಮೊಲ. ಮೂಗು ಸ್ವಲ್ಪ ಮೇಲೆ. ಕಿವಿ ಒಂದೇ.

"ಇನ್ನೊಂದು ಕಿವಿ ಎಲ್ಲಿ? ನಾನೇ ಹಾಕುದಾ? ನಾಳೆ ಯಾರಾದರೂ ನೋಡಿದರೆ ಸಂಪ್ರೀತ ಅರ್ಧಕ್ಕೇ ಬಿಟ್ಟ ಅಂತಾರೆ."

"ಅದಕ್ಕೆ ಇರುದೇ ಒಂದು. ಗೊತ್ತಿದ್ದವರಿಗೆ ಗೊತ್ತಾಗ್ತದೆ."

"ಯಾರಿಗೆ ಗೊತ್ತು?"

"ನನಗೆ, ನನ್ನ ಅಕ್ಕನಿಗೆ. ಸಾಕಲ್ಲ."

ಅದು ಮೊಬೈಲಿನಲ್ಲಿ ಇಬ್ಬರು ಸೇರಿ ಆಡುವ ಒಂದು ಆಟದ ಮೊಲ. ಆಟಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿತ್ತು. ಅಕ್ಕ ತಮ್ಮ ಅದನ್ನು ಕಂದೀಲು ಎಂದಷ್ಟೇ ಕರೆಯುತ್ತಿದ್ದರು. ಕತ್ತಲೆಯ ದೇಶವೊಂದರಲ್ಲಿ ಇಬ್ಬರು ನಡೆಯುತ್ತಾ ಹೋಗಬೇಕು. ಒಬ್ಬರ ಕೈಯಲ್ಲಿ ಕಂದೀಲು, ಇನ್ನೊಬ್ಬರ ಕೈಯಲ್ಲಿ ಬಾಗಿಲುಗಳ ಬೀಗದ ಕೈ. ಕಂದೀಲು ಹಿಡಿದವರು ಬಾರದಿದ್ದರೆ ಇನ್ನೊಬ್ಬರು ನಿಂತಲ್ಲೇ ನಿಲ್ಲಬೇಕು. ಕೊರೊನಾ ಬಂದ ವರ್ಷ, ಪುತ್ತೂರಿಗೆ ಮದುವೆಯಾಗಿ ಹೋದ ಅಕ್ಕ ಸುಪ್ರಿತಾ ತವರಿಗೆ ಬರಲಾಗದೆ ಬೇಸರದಲ್ಲಿದ್ದಾಗ ಲತೀಶನೇ ಅದನ್ನು ಅವಳ ಮೊಬೈಲಿಗೆ ಹಾಕಿಸಿದ್ದ. ಕಂದೀಲು ಯಾವಾಗಲೂ ಅಕ್ಕನದ್ದು. ಆಡುತ್ತಾ ಆಡುತ್ತಾ ಪರದೆಯ ಕೆಳಗೆ ಬರೆದುಕೊಳ್ಳುವುದಕ್ಕೂ ಜಾಗವಿತ್ತು. ಇಂಗ್ಲಿಷ್ ಅಕ್ಷರದಲ್ಲಿ ತುಳು ಬರೆದು ಇಬ್ಬರೂ ಊರು, ಮನೆ, ಹೊಟ್ಟೆನೋವು, ನೆಂಟರ ಸುದ್ದಿ ಎಲ್ಲ ಹೇಳಿಕೊಳ್ಳುತ್ತಿದ್ದರು. ಫೋನಿನಲ್ಲಿ ಮಾತಾಡುವಾಗ ಅಕ್ಕನ ಹಿಂದೆ ಮಕ್ಕಳು, ಕುಕ್ಕರು, ಅತ್ತೆ. ಕಂದೀಲಿನಲ್ಲಿ ಅವಳೊಬ್ಬಳೇ.

ಈ ಮೊಲ ಎಲ್ಲರಿಗೂ ಕಾಣಿಸುವಂಥದ್ದಲ್ಲ. ಇಬ್ಬರೂ ಒಂದೇ ಕಡೆ ಅಲುಗಾಡದೆ ಕೂತು, ಕಂದೀಲಿನ ಎಣ್ಣೆ ಮುಗಿದು ಪೂರ್ತಿ ಕತ್ತಲಾಗುವವರೆಗೆ ಕಾದರೆ ಮಾತ್ರ ಹುಲ್ಲಿನ ಮರೆಯಿಂದ ಬರುತ್ತದೆ. ಆಟದಲ್ಲಿ ಅಷ್ಟು ತಾಳ್ಮೆ ಯಾರಿಗಿರುತ್ತದೆ? ಇವರಿಗೂ ಇರಲಿಲ್ಲ. ಕಳೆದ ಮಳೆಗಾಲದ ಒಂದು ಸಂಜೆ ಲತೀಶ ಏನೋ ಹೇಳಲಿಕ್ಕೆ ತೊಡಗಿದ. ಬರೆದು ಅಳಿಸಿ, ಬರೆದು ಅಳಿಸಿ, ಮುಗಿಸುವಷ್ಟರಲ್ಲಿ ಎಣ್ಣೆ ಮುಗಿದಿತ್ತು. ಮೊಲ ಬಂದು ಇಬ್ಬರ ನಡುವೆ ಕೂತಿತು.

ಅವನು ಹೇಳಿದ್ದು ಮೋಕ್ಷಿತಾಳ ವಿಷಯ.

ಮೋಕ್ಷಿತಾ ಸುಳ್ಯದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಬಂಧ ಮನೆಯವರ ಮೂಲಕವೇ ಬಂದದ್ದು, ಆದರೆ ಮಾತು ನಡೆಯುತ್ತಿದ್ದ ತಿಂಗಳುಗಳಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಹಿಡಿಸಿಬಿಟ್ಟಿದ್ದರು. ಒಂದು ದಿನ ಅವಳೇ ಅವನನ್ನು ಕೂರಿಸಿ ಹೇಳಿದಳು: ಸಣ್ಣಂದಿನಲ್ಲಿ ತನಗೆ ಫಿಟ್ಸ್ ಬರುತ್ತಿತ್ತು, ಈಗ ಎಷ್ಟೋ ವರ್ಷದಿಂದ ಬಂದಿಲ್ಲ, ಆದರೆ ಮಾತ್ರೆ ತಪ್ಪಿಸುವಂತಿಲ್ಲ. "ನಿಮಗೆ ಆಗುದಿಲ್ಲ ಅಂತಾದರೆ ಈಗಲೇ ಹೇಳಿ, ಬೇಜಾರಿಲ್ಲ. ಆಗ್ತದೆ ಅಂತಾದರೆ ನಿಮ್ಮ ಮನೆಯವರಿಗೆ ನಾನೇ ಹೇಳ್ತೇನೆ. ಮೊದಲು ನಿಮ್ಮ ಅಕ್ಕನಿಗೆ. ಎದುರು ಕೂತು."

ಲತೀಶ ಆಗುತ್ತದೆ ಎಂದ. ಮನಸ್ಸಿನಿಂದಲೇ ಅಂದ. ಆದರೆ ಅಕ್ಕನಿಗೆ ಹೇಳದೆ ಒಂದು ಅಂಗಿ ಕೂಡ ಹೊಲಿಸಿದವನಲ್ಲ. ಅವಳೊಬ್ಬಳ ಕಿವಿಗೆ ಹಾಕಿದರೆ ದಾರಿ ಸಲೀಸಾಗುತ್ತದೆ ಎಂದುಕೊಂಡು ಕಂದೀಲಿನಲ್ಲಿ ಬರೆದುಬಿಟ್ಟ. ಅಕ್ಕ ಬಹಳ ಹೊತ್ತು ಏನೂ ಬರೆಯಲಿಲ್ಲ. ಆಮೇಲೆ ಬಂತು: ಒಳ್ಳೆ ಹುಡುಗಿ. ಹೆದರಬೇಡ. ನಾನಿದ್ದೇನೆ.

ಅದಾಗಿ ಒಂದು ವಾರದೊಳಗೆ ಸೋದರಮಾವ ಸಂಬಂಧವನ್ನು ತಡೆದರು. ಜಾತಕ ಕೂಡುವುದಿಲ್ಲ ಎಂದು ಮನೆಯವರಿಗೆ ಹೇಳಿದರು. ಲತೀಶ ಒಬ್ಬನೇ ಸಿಕ್ಕಾಗ ಮಾತ್ರ, "ಮಾತ್ರೆ ತಿಂದು ನಿಲ್ಲುವ ಹುಡುಗಿ ನಮಗೆ ಯಾಕೆ ಮಾರಾಯ?" ಎಂದಿದ್ದರು. ಹುಡುಗಿಯ ಕಡೆಯವರೇ ಯಾರೋ ಬಾಯಿ ಬಿಟ್ಟಿರಬೇಕು ಎಂದು ಲತೀಶ ಅಂದುಕೊಂಡ. ಅಕ್ಕನ ಮೇಲೆ ಅನುಮಾನ ಬರಲೇ ಇಲ್ಲ. ಕಂದೀಲಿನಲ್ಲಿ ಕೇಳಿದಾಗ ಅಕ್ಕ, ಸ್ವಲ್ಪ ತಡೆ, ಮಾವನ ಹತ್ತಿರ ನಾನು ಮಾತಾಡುತ್ತೇನೆ ಎಂದು ಬರೆದಿದ್ದಳು. ತಡೆದೂ ತಡೆದೂ ಚಳಿಗಾಲ ಬಂತು. ಫೋನಿನಲ್ಲಿ ಅಕ್ಕ, "ಜಾತಕ ಅಲ್ವಾ, ನೋಡುವ," ಎಂದಷ್ಟೇ ಹೇಳುತ್ತಿದ್ದಳು. ಭಾವ ಪಕ್ಕದಲ್ಲಿದ್ದಾನೆ, ಅದಕ್ಕೆ ಹಾಗೆ ಮಾತಾಡುತ್ತಾಳೆ ಎಂದು ಲತೀಶ ತಿಳಿದಿದ್ದ.

ಇವತ್ತು ಅವಳನ್ನು ಎದುರಿಗೇ ಕೇಳುವುದು, ಕೂಡಲೇ ಕರೆದುಕೊಂಡು ಮಾವನ ಮನೆಗೆ ಹೋಗುವುದು ಎಂದು ತೀರ್ಮಾನ ಮಾಡಿ ಬಂದಿದ್ದ. ಅದಕ್ಕಿಂತ ಮೊದಲು ಆ ಸಂಜೆಯ ಮೊಲ ಕೈಮೇಲೆ ಇರಬೇಕು ಅನಿಸಿತು. ಅಕ್ಕ ನೋಡಿದ ಕೂಡಲೇ ತಾನು ಕೊಟ್ಟ ಮಾತು ಅವಳಿಗೆ ನೆನಪಾಗುತ್ತದೆ, ಹೆಚ್ಚು ಹೇಳಬೇಕಾಗಿ ಬರುವುದಿಲ್ಲ.

ಸಂಪ್ರೀತ ಕೆಲಸ ಮುಗಿಸಿ, ಒರೆಸಿ, ಮೇಲೆ ತೆಳುವಾದ ಪ್ಲಾಸ್ಟಿಕ್ ಅಂಟಿಸಿದ. "ಸಂಜೆಯವರೆಗೆ ಇದನ್ನು ತೆಗಿಬೇಡಿ. ತುರಿಸಿದರೆ ಉಗುರು ಹಾಕ್ಬೇಡಿ. ಮತ್ತೆ ಅಕ್ಕ ಬೈದರೆ ನನ್ನ ಅಂಗಡಿಯ ಹೆಸರು ಹೇಳ್ಬೇಡಿ."

"ಅವಳು ಬೈಯುದಿಲ್ಲ."

ಅಕ್ಕನ ಮನೆ ದರ್ಬೆಯ ಹತ್ತಿರ. ಭಾವ ಪ್ರೇಮನಾಥನಿಗೆ ಪೇಟೆಯಲ್ಲಿ ಟೈಲ್ಸ್ ಮತ್ತು ನಲ್ಲಿ ಸಾಮಾನಿನ ಅಂಗಡಿ. ಭಾನುವಾರ ಅದಕ್ಕೆ ರಜೆ. ಲತೀಶ ಹೋದಾಗ ಅವನು ಜಗಲಿಯಲ್ಲಿ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದ. ಒಳಗಿಂದ ಬಂಗುಡೆ ಸಾರಿನ ವಾಸನೆ ಬರುತ್ತಿತ್ತು. ಅಕ್ಕನ ಮಗಳು, ಎಂಟು ವರ್ಷದ ಅಮ್ಮು ಓಡಿಬಂದು ಲತೀಶನ ಕೈ ಹಿಡಿದಳು.

"ಮಾಮ, ಕೈಗೆ ಎಂತ ಪ್ಲಾಸ್ಟಿಕ್?"

"ಅಮ್ಮನನ್ನು ಕರಿ, ಹೇಳ್ತೇನೆ."

ಸುಪ್ರಿತಾ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಸಹಕಾರಿ ಸೊಸೈಟಿಯಲ್ಲಿ ಕೆಲಸ, ಒಂದೂವರೆ ವರ್ಷದ ಮಗ, ಭಾನುವಾರ ಮಾತ್ರ ಸಾವಕಾಶ. ಲತೀಶ ಏನೂ ಹೇಳದೆ ಕೈ ಮುಂದೆ ಚಾಚಿದ.

"ಎಂತ ಮಾರಾಯ ಇದು? ಹಚ್ಚೆಯಾ? ಅಮ್ಮ ನೋಡಿದರೆ ನಿನ್ನನ್ನು ಮನೆ ಒಳಗೆ ಸೇರಿಸ್ಲಿಕ್ಕಿಲ್ಲ." ಅವಳು ಬಗ್ಗಿ ನೋಡಿದಳು. "ಮೊಲವಾ? ಚಂದ ಉಂಟು. ಆದರೆ ಒಂದು ಕಿವಿ ಬಿಟ್ಟಿದ್ದಾನಲ್ಲ ಅವ. ನೀನು ನೋಡ್ಲಿಲ್ವಾ?"

ಲತೀಶ ನಕ್ಕ. "ಸಾಕು ಅಕ್ಕ ಚೇಷ್ಟೆ."

"ಎಂತ ಚೇಷ್ಟೆ? ಇಲ್ಲಿ ನೋಡು, ಇಲ್ಲಿ ಇನ್ನೊಂದು ಬರ್ಬೇಕಿತ್ತು. ಊಟ ಮಾಡಿ ಹೋಗಿ ಸರಿ ಮಾಡಿಸು."

"ಬೇಡ ಬೇಡ," ಎಂದ ಪ್ರೇಮನಾಥ ಕುರ್ಚಿಯಿಂದ ಅರ್ಧ ಎದ್ದು. ಅವನ ಕಣ್ಣು ಆ ಕೈಮೇಲೇ ಇತ್ತು, ಮುಖದಲ್ಲಿ ಒಂದು ಬಗೆಯ ಖುಷಿ ಇತ್ತು. "ಅದಕ್ಕೆ ಇರುದೇ ಒಂದು ಕಿವಿ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು. ಪೇಪರನ್ನು ಮಡಚತೊಡಗಿದ. ಮಡಚಿದ್ದನ್ನೇ ಮತ್ತೆ ಮಡಚಿದ.

ಲತೀಶ ಅಕ್ಕನ ಮುಖ ನೋಡಿದ. ಸುಳ್ಳು ಹೇಳಿ ಅರಗಿಸಿಕೊಳ್ಳುವ ಮುಖ ಅವಳದ್ದಲ್ಲ, ಸಣ್ಣವಳಿರುವಾಗಿನಿಂದಲೂ ಅಲ್ಲ. ಅಲ್ಲಿ ಏನೂ ಇರಲಿಲ್ಲ. ಮೊಲವನ್ನು ಅವಳು ಇವತ್ತೇ ಮೊದಲು ನೋಡಿದ್ದು.

"ಯಾವಾಗಿನಿಂದ ಭಾವ?"

"ಎಂತದು?" ಎಂದಳು ಸುಪ್ರಿತಾ. ಆಮೇಲೆ ಅವಳಿಗೇ ಹೊಳೆಯಿತು. "ಓ, ಆ ಆಟದ್ದಾ? ಅದು ನಾನು ಬಿಟ್ಟು ಎರಡು ವರ್ಷ ಆಯ್ತಲ್ಲ. ಸಣ್ಣವ ಹೊಟ್ಟೆಯಲ್ಲಿರುವಾಗ ನನಗೆ ತಲೆ ತಿರುಗ್ತಿತ್ತು, ಮೊಬೈಲು ನೋಡ್ಲಿಕ್ಕೇ ಆಗ್ತಿರ್ಲಿಲ್ಲ. ಪಾಪ, ಅವ ಕತ್ತಲೆಯಲ್ಲಿ ನಿಂತಿದ್ದಾನೆ, ಸ್ವಲ್ಪ ಕಂದೀಲು ಹಿಡೀರಿ ಅಂತ ನನ್ನ ಹೆಸರಲ್ಲೇ ಇವರ ಮೊಬೈಲಿಗೆ ಹಾಕಿ ಕೊಟ್ಟೆ. ಆಮೇಲೆ ಇವರಿಗೇ ಅದರ ರುಚಿ ಹತ್ತಿತು. ನಿನಗೆ ಹೇಳ್ತೇನೆ ಅಂದಿದ್ದರಲ್ಲ." ಗಂಡನ ಕಡೆ ತಿರುಗಿದಳು. "ಹೇಳ್ಲಿಲ್ವಾ ನೀವು?"

"ಹೇಳುವ ಅಂತಲೇ ಇತ್ತು. ಇವತ್ತು ನಾಳೆ ಅಂತ…"

"ಎರಡು ವರ್ಷ?"

ಪ್ರೇಮನಾಥ ಕೆಟ್ಟ ಮನುಷ್ಯನಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಅಂಗಡಿಯಲ್ಲಿ ಒಬ್ಬನೇ ಕೂರುವವನು. ಅಣ್ಣ ತಮ್ಮ ಇಲ್ಲ. ಹೆಂಡತಿಯ ತಮ್ಮ ಎದುರು ಬಂದರೆ, ಊಟ ಆಯ್ತಾ ಭಾವ, ವ್ಯಾಪಾರ ಹೇಗುಂಟು ಭಾವ ಎಂದು ಎರಡು ಮಾತಿಗೆ ನಿಲ್ಲುತ್ತಿದ್ದ. ಅದೇ ತಮ್ಮ ಕಂದೀಲಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ. ನಿಜ ಹೇಳಿದರೆ ಮತ್ತೆ ಎರಡು ಮಾತಿಗೆ ಇಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು.

ಲತೀಶನಿಗೆ ತಾನು ಬರೆದದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಅಪ್ಪ ತೀರಿಹೋದ ದಿನ ತಾನು ಆಸ್ಪತ್ರೆಗೆ ತಡವಾಗಿ ಹೋದ ಸಂಕಟ. ಅಂಗಡಿ ಮುಚ್ಚಿಬಿಡಬೇಕು ಅನಿಸಿದ ವಾರ. ಒಮ್ಮೆ ತಮಾಷೆಗೆ, ಭಾವನಿಗೆ ನಲ್ಲಿ ಟೈಲ್ಸ್ ಬಿಟ್ಟರೆ ಬೇರೆ ಲೋಕ ಇಲ್ಲ ಅಲ್ವಾ ಅಕ್ಕ ಎಂದು ಬರೆದಿದ್ದ. ಉತ್ತರ ಬಂದಿತ್ತು: ಹೌದು ಮಾರಾಯ, ಪಾಪ.

ಆದರೆ ಅದೆಲ್ಲ ಆಮೇಲೆ.

"ಮಾವನಿಗೆ ಹೇಳಿದ್ದು ನೀವಾ?"

ಪ್ರೇಮನಾಥ ಅಮ್ಮುವಿಗೆ, "ಒಳಗೆ ಹೋಗು, ತಮ್ಮ ಎದ್ದನಾ ನೋಡು," ಎಂದ. ಅವಳು ಹೋದ ಮೇಲೆ ದನಿ ತಗ್ಗಿಸಿದ.

"ಹುಡುಗಿ ನೋಡ್ಲಿಕ್ಕೆ ಮೊದಲು ಹೋದದ್ದು ಯಾರು? ನಾನು, ನಿನ್ನ ಅಕ್ಕ. ಬಂದು ಸರಿ ಉಂಟು ಅಂತ ಹೇಳಿದ್ದು ನಾನು. ನಮ್ಮಲ್ಲಿ ಹಾಗೇ ಅಲ್ವಾ, ನಾಳೆ ಎಂತ ಹೆಚ್ಚುಕಮ್ಮಿ ಆದರೂ ನಿನ್ನನ್ನು ಯಾರೂ ಕೇಳುದಿಲ್ಲ. ಭಾವ ನೋಡಿದ್ದಲ್ವಾ, ಭಾವನಿಗೆ ಗೊತ್ತಿರ್ಲಿಲ್ವಾ ಅಂತ ನನ್ನನ್ನು ಹಿಡಿಯುದು. ಗೊತ್ತಾದ ಮೇಲೆ ಬಾಯಿ ಮುಚ್ಚಿ ಕೂತರೆ ನಾನು ನಾಳೆ ನಿಮ್ಮ ಮನೆಯ ಮೆಟ್ಟಿಲು ಹತ್ತಬಹುದಾ?"

"ನಿಮಗೆ ಗೊತ್ತಾದದ್ದು ಹೇಗೆ? ನಾನು ನಿಮಗೆ ಹೇಳಿದ್ದಾ?"

"ನೀನು ಬರೆದದ್ದು ನನ್ನ ಕೈಯಲ್ಲಿತ್ತಲ್ಲ."

"ನಾನಿದ್ದೇನೆ ಅಂತ ಬರೆದದ್ದು ಯಾರು?"

ಪ್ರೇಮನಾಥ ಪೇಪರನ್ನು ಕುರ್ಚಿಯ ಮೇಲಿಟ್ಟ. "ನಿನ್ನ ಅಕ್ಕ ಇದ್ದಿದ್ದರೆ ಹಾಗೇ ಬರೀತಿದ್ದಳು ಅಂತ ಬರೆದೆ."

"ಬರೆದು, ವಾರದೊಳಗೆ ಮಾವನಿಗೆ ಫೋನ್ ಮಾಡಿದ್ರಿ."

"ಅದು ನಾನು ಮಾಡಿದ್ದು. ಭಾವನಾಗಿ."

ತಾನು ಹೇಳಿದ್ದು ಅವನಿಗೆ ಸರಿಯಾಗಿಯೇ ಕಾಣುತ್ತಿತ್ತು. ಲತೀಶನಿಗೆ ಅದೇ ತಡೆಯಲಾಗಲಿಲ್ಲ. ಬೈದು ಬಿಡಲಿಕ್ಕೆ ಎದುರಿಗೆ ಕಳ್ಳ ಬೇಕಲ್ಲ. ಇಲ್ಲಿ ಇದ್ದದ್ದು ಮನೆಯ ಅಳಿಯ, ರೀತಿ ತಪ್ಪಬಾರದೆಂದು ಫೋನ್ ಮಾಡಿದವನು.

"ಎಂತ ಹೇಳಿದ್ದು ಮಾವನಿಗೆ?" ಸುಪ್ರಿತಾ ಇಬ್ಬರನ್ನೂ ನೋಡಿದಳು. "ಜಾತಕ ಅಲ್ವಾ ಕೂಡದ್ದು? ನನಗೆ ಹೇಳಿದ್ದು ಜಾತಕ ಅಂತ. ಎಂತ ಉಂಟು ಅದರಲ್ಲಿ, ನನಗೆ ಗೊತ್ತಿಲ್ಲದ್ದು?"

ಪ್ರೇಮನಾಥ ಬಾಯಿ ತೆರೆದ.

"ನೀವು ಹೇಳ್ಬೇಡಿ," ಎಂದ ಲತೀಶ. "ಇನ್ನೊಂದು ಬಾಯಿಗೆ ಅದು ಹೋಗುದು ಬೇಡ."

"ನಾನು ಇನ್ನೊಂದು ಬಾಯಿಯಾ?" ಎಂದಳು ಸುಪ್ರಿತಾ.

ಲತೀಶ ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿದ. ಬೈಕಿನ ಹತ್ತಿರ ಹೋಗುವಷ್ಟರಲ್ಲಿ ಅವಳು ಅವನ ಹೆಲ್ಮೆಟ್ ಹಿಡಿದುಕೊಂಡು ಬಂದಳು. ಊಟಕ್ಕೆ ನಿಲ್ಲು ಎನ್ನಲಿಲ್ಲ. ಹೆಲ್ಮೆಟ್ ಕೊಡಲೂ ಇಲ್ಲ.

"ಈ ಎರಡು ವರ್ಷ ನೀನು ನನ್ನ ಹತ್ತಿರ ಸರಿ ಮಾತಾಡ್ಲಿಲ್ಲ ಅಂತ ನಾನು ಗ್ರಹಿಸಿದ್ದು. ಅಪ್ಪ ಹೋದ ಮೇಲೆ ಒಂದು ದಿವಸ ಕೂತು ಅಳ್ಲಿಲ್ಲ ನೀನು. ದೊಡ್ಡವನಾದ, ಇವನಿಗೆ ಇನ್ನು ಅಕ್ಕ ಬೇಡ ಅಂತ ಎಣಿಸಿದೆ. ಇವರ ಹತ್ತಿರ ಹೇಳಿದ್ದೆ ಕೂಡ. ಇವರು ಎಂತ ಹೇಳಿದ್ದು ಗೊತ್ತುಂಟಾ? ಗಂಡುಮಕ್ಕಳು ಹಾಗೇ ಅಂತ."

ಲತೀಶ ಅಕ್ಕನ ಮುಖ ನೋಡಿದ. ಅವನು ಆ ದುಃಖವನ್ನೆಲ್ಲ ಅವಳಿಗೇ ಬರೆದಿದ್ದ. ಪ್ರತಿಯೊಂದಕ್ಕೂ ಉತ್ತರ ಬಂದಿತ್ತು.

"ನಾನು ಹೇಳಿದ್ದೆ ಅಕ್ಕ. ಎಲ್ಲ ಹೇಳಿದ್ದೆ."

"ನನಗೆ ಮುಟ್ಲಿಲ್ಲ."

ಅವಳು ಹೆಲ್ಮೆಟ್ ಕೊಟ್ಟಳು. "ಹುಡುಗಿಯ ವಿಷಯ ಎಂತ ಅಂತ ನಾನು ಈಗ ಕೇಳುದಿಲ್ಲ. ಹೇಳ್ಬೇಕಾದವರು ಹೇಳಲಿ. ಆದರೆ ಮಾವನ ಹತ್ತಿರ ಮಾತಾಡುದಾದರೆ ಕೇಳದೆ ನಾನು ಮಾತಾಡುದು ಹೇಗೆ, ನೀನೇ ಹೇಳು."

ಮರುದಿನ ಲತೀಶ ಅಂಗಡಿಗೆ ಬೀಗ ಹಾಕಿ ಪಂಜದ ದಾರಿಯಾಗಿ ಸುಳ್ಯಕ್ಕೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದ. ಭಾವ ಹೇಗೆ ಅಕ್ಕನ ಹೆಸರಲ್ಲಿ ಕೂತಿದ್ದ, ತಾನು ಹೇಗೆ ಮೋಸಹೋದೆ, ಕೇಳಿದರೆ ಯಾರಿಗಾದರೂ ಅಯ್ಯೋ ಅನಿಸಬೇಕು, ಹಾಗೆ.

ಮೋಕ್ಷಿತಾ ಅಂಗಡಿಯಲ್ಲಿ ಒಬ್ಬಳೇ ಇದ್ದಳು. ಗಾಜಿನ ಮೇಜಿನ ಆ ಕಡೆ ಅವಳು, ಈ ಕಡೆ ಗಿರಾಕಿಗಳ ಸ್ಟೂಲಿನಲ್ಲಿ ಅವನು. ಅವನು ಜೋಡಿಸಿದ್ದನ್ನೆಲ್ಲ ಹೇಳಿದ. ಅವಳು ಒಂದು ಕನ್ನಡಕದ ಕಾಲಿನ ತಿರುಪು ಬಿಗಿಸುತ್ತಾ ಕೇಳಿದಳು. ನಡುವೆ ಒಮ್ಮೆಯೂ ತಲೆ ಎತ್ತಲಿಲ್ಲ.

"ಮುಗೀತಾ?"

"ಹ್ಞೂ."

"ನಿಮ್ಮ ಭಾವ ಮೋಸ ಮಾಡಿದ್ದು ನಿಮಗೆ. ಅದು ನಿಮ್ಮ ಮನೆಯ ವಿಷಯ. ನನ್ನ ಮಾತು ಅವರ ಕೈಗೆ ಕೊಟ್ಟದ್ದು ಯಾರು?"

"ಅಕ್ಕ ಅಂತ ಗ್ರಹಿಸಿ ಹೇಳಿದ್ದು ನಾನು."

"ಅಕ್ಕನಿಗೆ ನಾನೇ ಹೇಳ್ತೇನೆ ಅಂದಿದ್ದೆ. ಎದುರು ಕೂತು ಅಂದಿದ್ದೆ. ಯಾಕೆ ಅಂದಿದ್ದೆ ಗೊತ್ತುಂಟಾ ನಿಮಗೆ? ಕೇಳುವಾಗ ಅವರ ಮುಖ ಹೇಗಾಗ್ತದೆ ಅಂತ ನನಗೆ ನೋಡ್ಬೇಕಿತ್ತು. ಮುಖ ಬೇರೆ ಆದರೆ ಅಲ್ಲೇ ಎದ್ದು ಬರ್ಬಹುದಿತ್ತು." ಅವಳು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು. "ನೀವು ಮುಖವೇ ಇಲ್ಲದ ಕಡೆ ಹೇಳಿ ಬಂದಿರಿ."

ಸಾಹುಲ್ ಹಮೀದ್ ಎಂಬ ಮುದುಕರು ಒಳಗೆ ಬಂದರು. ಅವರ ಕನ್ನಡಕ ತಯಾರಾಗಿತ್ತು. ಅವಳು ಅವರನ್ನು ಕೂರಿಸಿ, ಕಿವಿಯ ಹಿಂದೆ ಕೂತದ್ದು ಸರಿಯಾಗಿದೆಯೇ ಎಂದು ನೋಡಿ, ಓದಲಿಕ್ಕೆ ಕಾಗದ ಕೊಟ್ಟಳು. ಅವರು ಸಣ್ಣ ಅಕ್ಷರದ ಸಾಲಿನವರೆಗೆ ನಿಧಾನವಾಗಿ ಓದಿ, "ಈಗ ಮೊಮ್ಮಗಳು ಸುಳ್ಳು ಓದಿ ಹೇಳ್ಲಿಕ್ಕಿಲ್ಲ," ಎಂದು ನಗುತ್ತಾ ಹೋದರು. ಅಷ್ಟು ಹೊತ್ತು ಲತೀಶ ಎದ್ದು ಗೋಡೆಗೆ ತಾಗಿ ನಿಂತಿದ್ದ. ತಾನು ಜೋಡಿಸಿಕೊಂಡು ಬಂದ ಮಾತಿನಲ್ಲಿ ಅವಳ ಹೆಸರು ಒಂದು ಸಲವೂ ಬಂದಿರಲಿಲ್ಲ ಎಂದು ಅವನಿಗೆ ಈಗ ತಿಳಿಯಿತು.

"ನಿಮ್ಮ ಅಕ್ಕನಿಗೆ ನಿಜವಾಗಿ ಗೊತ್ತಿಲ್ವಾ?" ಎಂದು ಕೇಳಿದಳು ಮೋಕ್ಷಿತಾ.

"ಇಲ್ಲ. ನಾನು ಹೇಳ್ಲಿಲ್ಲ. ಭಾವನಿಗೂ ಹೇಳ್ಲಿಕ್ಕೆ ಬಿಡ್ಲಿಲ್ಲ. ನಾನು ಬಂದ ಮೇಲೆ ಎಂತ ಆಯ್ತು ಗೊತ್ತಿಲ್ಲ."

"ಕೇಳಿದರಾ ಅವರು?"

"ಕೇಳಿದಳು. ಮತ್ತೆ ಬಿಟ್ಟಳು. ಹೇಳ್ಬೇಕಾದವರು ಹೇಳಲಿ ಅಂದಳು."

ಮೋಕ್ಷಿತಾ ಮೊದಲ ಸಲ ಅವನನ್ನು ನೋಡಿದಳು. "ಬುಧವಾರ ನನಗೆ ಅರ್ಧ ದಿವಸ ರಜೆ ಉಂಟು. ಅವರಿಗೆ ಆಗುದಾದರೆ ಬರಲಿ."

"ನಾನು ಕರ್ಕೊಂಡು ಬರ್ತೇನೆ."

"ನೀವು ಬೇಡ."

"ಮತ್ತೆ ನಾನು…"

"ನಿಮ್ಮದು ನನಗೆ ಈಗ ಗೊತ್ತಾಗುದಿಲ್ಲ. ಸುಮ್ಮನೆ ಆಗ್ತದೆ ಅಂತ ಹೇಳಿ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ. ಮೊದಲು ಅವರು ಬರಲಿ. ಮಾವನ ಹತ್ತಿರ ಯಾರು ಮಾತಾಡುದು, ಮಾತಾಡುದಾ ಬೇಡವಾ, ಎಲ್ಲ ಆಮೇಲೆ."

ಲತೀಶ ಹೊರಗೆ ಬಂದು ರಸ್ತೆ ಬದಿಯ ನೆರಳಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದ. ಅತ್ತ ಸೊಸೈಟಿಯ ಗದ್ದಲ, ಯಾರೋ ಚಿಲ್ಲರೆ ಕೇಳುತ್ತಿದ್ದರು.

"ಹಲೋ," ಎಂದಿತು ದನಿ.

"ನೀನೇ ಅಲ್ವಾ?" ಎಂದ.

"ಮತ್ತೆ ಯಾರು ಮಾರಾಯ?" ಎಂದಳು ಸುಪ್ರಿತಾ. ಆಮೇಲೆ, ಅವನು ಯಾಕೆ ಹಾಗೆ ಕೇಳಿದ ಎಂದು ತಿಳಿದು, ಎದ್ದು ಎಲ್ಲಿಗೋ ನಡೆದಳು. ಗದ್ದಲ ಹಿಂದೆ ಉಳಿಯಿತು. "ನಾನೇ. ಹೊರಗೆ ಬಂದಿದ್ದೇನೆ. ಇಲ್ಲಿ ಯಾರೂ ಇಲ್ಲ. ಹೇಳು."

ಅವನು ಬುಧವಾರದ ವಿಷಯ ಹೇಳಿದ. ಅವಳೊಬ್ಬಳೇ ಬರಬೇಕಂತೆ ಎಂದೂ ಹೇಳಿದ.

"ಆಯ್ತು. ಬಸ್ಸಿಗೆ ಹೋಗ್ತೇನೆ," ಎಂದಳು ಅಕ್ಕ. "ಇವರ ಕಾರು ಬೇಡ."